ಆರೋಗ್ಯ ವಿಮೆಯ ಆಸ್ಪತ್ರೆ ಜಾಲ ಮತ್ತು ಮನೆಯ ಹಿರಿಯರು

ಕಡಬ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ 74 ವರ್ಷದ ತಾಯಿಯ ಆಸ್ಪತ್ರೆ ಬಿಲ್ಲಿನೊಂದಿಗೆ ನಮ್ಮ ಕಚೇರಿಗೆ ಬಂದಿದ್ದರು. ಮಧುಮೇಹದ ತಪಾಸಣೆ ಅಡಿಕೆ ಕೊಯಿಲಿನ ಗಡಿಬಿಡಿಯಲ್ಲಿ ತಿಂಗಳುಗಟ್ಟಲೆ ಮುಂದೆ ಹೋಗಿ, ಕಾಲಿನ ಗಾಯ ಉಲ್ಬಣಿಸಿತ್ತು. ಕ್ಲೇಮ್ ಪೂರ್ತಿ ಮಂಜೂರಾಯಿತು. ಆದರೆ ಎರಡು ಕಾಲ್ಬೆರಳುಗಳು ಉಳಿಯಲಿಲ್ಲ.

ಮಧುಮೇಹ, ರಕ್ತದೊತ್ತಡ, ಉಬ್ಬಸಗಳಂತಹ ಕಾಯಿಲೆಗಳು ಕ್ರಮವಾದ ತಪಾಸಣೆ ಮತ್ತು ಔಷಧಿಯಿಂದ ಬಹುಮಟ್ಟಿಗೆ ಹತೋಟಿಯಲ್ಲಿರುತ್ತವೆ. ಅವು ಕೈಮೀರಿ ಹಿರಿಯರು ಆಸ್ಪತ್ರೆ ಸೇರುವುದನ್ನೇ ‘ತಪ್ಪಿಸಬಹುದಾದ ದಾಖಲಾತಿ’ ಎನ್ನುತ್ತಾರೆ. ಅಮೆರಿಕದ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳ ಜಾಲದಲ್ಲಿ ಆಸ್ಪತ್ರೆಗಳೊಂದಿಗೆ ಕುಟುಂಬ ವೈದ್ಯರೂ ಇರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಜಾಲವೆಂದರೆ ಆಸ್ಪತ್ರೆಗಳ ಪಟ್ಟಿ ಮಾತ್ರ. ಡೇಕೇರ್ ಚಿಕಿತ್ಸೆಗಳನ್ನು ಬಿಟ್ಟರೆ ಕನಿಷ್ಠ 24 ಗಂಟೆ ದಾಖಲಾಗಿರಬೇಕು. ಬರೇ ಪರೀಕ್ಷೆಗಾಗಿ ದಾಖಲಾದರೆ ಕ್ಲೇಮ್ ದೊರೆಯದು. ನಿತ್ಯದ ಮಾತ್ರೆ, ಹೊರರೋಗಿ ತಪಾಸಣೆಗಳ ಖರ್ಚು ನಮ್ಮದೇ.

ಇತ್ತೀಚಿನ ಬದಲಾವಣೆಗಳು ಸ್ವಾಗತಾರ್ಹ. 2024ರ ಏಪ್ರಿಲ್‌ನಿಂದ 65 ವರ್ಷ ದಾಟಿದವರಿಗೂ ಹೊಸ ಪಾಲಿಸಿ ಪಡೆಯುವ ದಾರಿ ತೆರೆಯಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರವು 70 ದಾಟಿದವರಿಗೆ ಆದಾಯಮಿತಿಯಿಲ್ಲದೆ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತು. ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18 ಜಿ.ಎಸ್.ಟಿ. 22-9-2025ರಿಂದ ರದ್ದಾಯಿತು. ಇವೆಲ್ಲವೂ ಆಸ್ಪತ್ರೆಯ ಬಾಗಿಲನ್ನು ಅಗಲಗೊಳಿಸಿದವೇ ಹೊರತು, ಅಲ್ಲಿಗೆ ಹೋಗದಂತೆ ಕಾಯುವ ಹೊಣೆ ಕುಟುಂಬದ ಮೇಲೆಯೇ ಉಳಿದಿದೆ.

ಆದುದರಿಂದ ನವೀಕರಣಕ್ಕೆ ಮುನ್ನ ವರ್ತಕ ಬಾಂಧವರು ಈ ಅಂಶಗಳನ್ನು ಗಮನಿಸಬೇಕು:

1. ಜಾಲದ ಆಸ್ಪತ್ರೆ ಪುತ್ತೂರು ಅಥವಾ ಸುಳ್ಯದಲ್ಲಿದೆಯೇ? ಪುತ್ತೂರಿನಿಂದಲೇ ಮಂಗಳೂರು ಸುಮಾರು 50 ಕಿ.ಮೀ.; ಕಡಬ, ಸುಳ್ಯದ ಹಳ್ಳಿಗಳಿಂದ ಇನ್ನೂ ದೂರ. ದೂರ ಹೆಚ್ಚಿದಷ್ಟೂ ‘ಮಳೆ ಬಿಡಲಿ’ ಎಂಬ ಮುಂದೂಡಿಕೆಯೂ ಹೆಚ್ಚು. ಪಟ್ಟಿ ಬದಲಾಗುವುದರಿಂದ ಆಸ್ಪತ್ರೆಯಲ್ಲೇ ವಿಚಾರಿಸಿ ಖಚಿತಪಡಿಸಿಕೊಳ್ಳಿ.

2. ಪಾಲಿಸಿಯಲ್ಲಿ ವಾರ್ಷಿಕ ತಪಾಸಣೆಯ ಸೌಲಭ್ಯವಿದ್ದರೆ ತಪ್ಪದೆ ಬಳಸಿ. ಹೊರರೋಗಿ ವೆಚ್ಚದ ಹೆಚ್ಚುವರಿ ರಕ್ಷಣೆಯಿದ್ದರೆ, ಅದರ ಪ್ರೀಮಿಯಂ ಮತ್ತು ಮಿತಿಯನ್ನು ಹೋಲಿಸಿ ನೋಡಿ.

3. ಹಿರಿಯರ ಔಷಧಿ, ತಪಾಸಣೆಗೆ ಮನೆಯ ಲೆಕ್ಕದಲ್ಲಿ ಪ್ರತ್ಯೇಕ ಬಾಬ್ತು ತೆರೆಯಿರಿ. ತಿಂಗಳಿಗೆ ರೂ. 1,500 ಎಂದಿಟ್ಟುಕೊಂಡರೂ ವರ್ಷಕ್ಕೆ ರೂ. 18,000. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಹಿರಿಯ ನಾಗರಿಕರಾದ ತಂದೆತಾಯಿಯ ಪ್ರೀಮಿಯಂ ಮೇಲೆ ರೂ. 50,000ದವರೆಗೆ ಕಡಿತವಿದೆ, ಅದರೊಳಗೆ ರೂ. 5,000ದವರೆಗಿನ ಮುನ್ನೆಚ್ಚರಿಕೆ ತಪಾಸಣೆಯ ಖರ್ಚೂ ಸೇರುತ್ತದೆ. ಪ್ರೀಮಿಯಂ ನಗದಾಗಿ ಪಾವತಿಸಿದರೆ ಕಡಿತವಿಲ್ಲ. ತಪಾಸಣೆಯ ಖರ್ಚು ನಗದಾದರೂ ಆದೀತು. ರಶೀದಿ ಜೋಪಾನವಿರಲಿ.

ಗಿರಣಿಗೆ ವಿಮೆ ಮಾಡಿಸಿದವರು ಯಂತ್ರಕ್ಕೆ ಎಣ್ಣೆ ಹಾಕುವುದನ್ನು ನಿಲ್ಲಿಸುವುದಿಲ್ಲ. ಮನೆಯ ಹಿರಿಯರ ವಿಷಯದಲ್ಲಿಯೂ ಅದೇ ಎಚ್ಚರ ಇರಲೆಂದು ಸದಸ್ಯರಲ್ಲಿ ವಿನಂತಿ.