ತಣ್ಣೀರು ಕಲಿಸುವ ಸಮಾಧಾನ

1849ನೆಯ ಇಸವಿಯ ಚಳಿಗಾಲದಲ್ಲಿ, ಬವೇರಿಯಾದ ಡಿಲಿಂಗೆನ್ ಎಂಬ ಊರಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಸೆಬಾಸ್ಟಿಯನ್ ಕ್ನೈಪ್ ಎಂಬ ಕ್ಷಯಪೀಡಿತ ತರುಣನು, ಜಲಚಿಕಿತ್ಸೆಯನ್ನು ಕುರಿತ ಹಳೆಯ ಗ್ರಂಥವೊಂದನ್ನೋದಿ, ಡ್ಯಾನ್ಯೂಬ್ ನದಿಯ ಕೊರೆಯುವ ನೀರಿಗಿಳಿದು, ಕ್ಷಣಕಾಲ ಮುಳುಗಿ, ಒಡನೆಯೇ ದಡವೇರಿ, ಬಟ್ಟೆಯುಟ್ಟು ಬಿರುಸಾಗಿ ನಡೆದು ಮನೆ ಸೇರುತ್ತಿದ್ದನು. ಮುಂದೆ ಪಾದ್ರಿಯಾಗಿ ವ್ಯೋರಿಸ್‌ಹೋಫೆನ್ ಎಂಬ ಗ್ರಾಮವನ್ನೇ ಜಲಚಿಕಿತ್ಸೆಯ ಕ್ಷೇತ್ರವನ್ನಾಗಿಸಿದ ಆತನ ರೋಗವು ನೀಗಿದುದು ನೀರಿನಿಂದಲೇ ಎಂದು ಹೇಳಲಾಗದು. ಆದರೆ ಸ್ವಲ್ಪವೇ ಹೊತ್ತು ಮುಳುಗಿ ಬಳಿಕ ಮೈ ಬೆಚ್ಚಗಾಗಿಸಿಕೊಳ್ಳುವ ಆ ಕ್ರಮದಲ್ಲಿ ಅಡಗಿದ್ದ ವಿವೇಕವು ಇಂದಿಗೂ ಮಾನ್ಯವಾದುದು.

ಶೀತಲ ಜಲವು ಮನಸ್ಸಿನ ಉದ್ವೇಗವನ್ನು ತೊಳೆದುಬಿಡುತ್ತದೆಂದು ಅನೇಕರು ನಂಬುವರು. ವಸ್ತುತಃ ಅದು ಮೊದಲು ಉದ್ವೇಗವನ್ನೇ ಉಂಟುಮಾಡುತ್ತದೆ. ಚರ್ಮದ ನರತುದಿಗಳು ಚಳಿಯ ವಾರ್ತೆಯನ್ನು ಮುಟ್ಟಿಸಿದೊಡನೆ ಉಸಿರು ತಾನಾಗಿಯೇ ಗಕ್ಕನೆ ಒಳಸೇರಿ, ಎದೆಬಡಿತವು ಏರಿ, ರಕ್ತನಾಳಗಳು ಸಂಕೋಚಗೊಂಡು, ಶತ್ರುವನ್ನು ಎದುರಿಗೆ ಕಂಡವನ ದೇಹದಂತೆ ಇಡೀ ಶರೀರವೇ ಸನ್ನದ್ಧವಾಗುತ್ತದೆ. 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಕುಳಿತ ತರುಣರ ರಕ್ತದಲ್ಲಿ, ಮೈಮನಗಳನ್ನು ಎಚ್ಚರಗೊಳಿಸುವ ರಾಸಾಯನಿಕಗಳಾದ ನಾರ್‌ಅಡ್ರಿನಲಿನ್ ಶೇಕಡ 530ರಷ್ಟೂ ಡೋಪಮೈನ್ ಶೇಕಡ 250ರಷ್ಟೂ ಹೆಚ್ಚಿದುದನ್ನು ಚೆಕ್ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ಮಿಂದೆದ್ದವನ ಮನಸ್ಸು ಚುರುಕಾಗಿ ತೋರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಆದರೆ ಆ ಮೊದಲ ಆಘಾತವು ಅರ್ಧ ನಿಮಿಷದಲ್ಲಿ ಶಿಖರವನ್ನು ಮುಟ್ಟಿ, ಎರಡು ಮೂರು ನಿಮಿಷಗಳಲ್ಲಿ ಇಳಿಮುಖವಾಗುತ್ತದೆ. ಕೆಲವೇ ನಿಮಿಷಗಳ ಐದಾರು ಮಜ್ಜನಗಳಾದ ಮೇಲಂತೂ ಅದರ ತೀವ್ರತೆಯು ಅರ್ಧಕ್ಕಿಳಿಯುವುದೆಂದೂ, ಆ ಅಭ್ಯಾಸಬಲವು ತಿಂಗಳುಗಟ್ಟಲೆ ಉಳಿಯುವುದೆಂದೂ ಬ್ರಿಟನ್ನಿನ ಶರೀರಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. 3,177 ಜನರನ್ನೊಳಗೊಂಡ 11 ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಡೆಸಿದ ಸಮೀಕ್ಷೆಯಲ್ಲಿ, ಉದ್ವೇಗದ ಇಳಿತವು ಕಂಡುಬಂದುದು ನೀರಿನಿಂದೆದ್ದ ಕೂಡಲೇ ಅಲ್ಲ, ಹನ್ನೆರಡು ಗಂಟೆಗಳ ತರುವಾಯ. ಕದಡಿದ ದೇಹವು ಮರಳಿ ತಿಳಿಯಾಗುವ ದಾರಿಯನ್ನು ತಾನೇ ಕಲಿಯುವುದರಲ್ಲಿಯೇ ತಣ್ಣೀರಿನ ಉಪಕಾರವಿದೆಯೆಂದು ನಾನು ಭಾವಿಸುತ್ತೇನೆ.

ಅತಿಯಾದರೆ ಈ ಉಪಕಾರವೇ ಅಪಾಯ. ಮುಖವು ನೀರಿನೊಳಗಿರುವಾಗ ಆ ಮೊದಲ ಉಸಿರು ಬಂದರೆ ನೀರೇ ಶ್ವಾಸಕೋಶವನ್ನು ಸೇರೀತು. ಹೃದ್ರೋಗಿಗಳೂ ರಕ್ತದ ಒತ್ತಡವುಳ್ಳವರೂ ವೈದ್ಯರನ್ನು ಕೇಳದೆ ಇಳಿಯಬಾರದು. ಉಳಿದವರೂ ಒಂಟಿಯಾಗಿ ಇಳಿಯದೆ, ಧುಮುಕದೆ, ಮೆಲ್ಲಮೆಲ್ಲನೆ ಮೈಯನ್ನು ಒಗ್ಗಿಸಿಕೊಳ್ಳಬೇಕು.

ನಮ್ಮ ಬಯಲುಸೀಮೆಯ ಬಾವಿಯ ನೀರು ಡ್ಯಾನ್ಯೂಬಿನಷ್ಟು ಶೀತಲವಲ್ಲ. ಆದರೂ ಮಾಘದ ಮುಂಜಾವಿನಲ್ಲಿ ಮೊದಲ ತಂಬಿಗೆಯ ನೀರು ಹೆಗಲಿಗೆ ಬಿದ್ದಾಗ, ಕಟ್ಟಿಕೊಂಡ ಉಸಿರನ್ನು ಗಾಬರಿಪಡದೆ ನಿಧಾನವಾಗಿ ಹೊರಬಿಟ್ಟು ಎರಡನೆಯ ತಂಬಿಗೆಯನ್ನು ಎತ್ತಿಕೊಳ್ಳುವವನು, ಕ್ನೈಪನು ಆ ನದಿಯಲ್ಲಿ ಕಲಿತುದರ ಮೊದಲ ಅಕ್ಷರವನ್ನು ತನ್ನ ಬಚ್ಚಲಿನಲ್ಲಿಯೇ ತಿದ್ದುತ್ತಿರುತ್ತಾನೆ.