ಪರರ ನಾಯಿಯನ್ನು ಅಡ್ಡಾಡಿಸುವ ಕಾಯಕ

ಕಾಲ ಬದಲಾದಂತೆ ಹಳೆಯ ಕಾಯಕಗಳು ಕೆಲವು ಮರೆಯಾಗುತ್ತವೆ, ಹೊಸವು ಕೆಲವು ತಲೆದೋರುತ್ತವೆ. ಕಲಾಯಿ ಹಾಕುವವರು ಓಣಿಗೆ ಬರುವುದು ನಿಂತು ಎಷ್ಟೋ ವರ್ಷಗಳಾದವು. ಅದೇ ಅವಧಿಯಲ್ಲಿ ಬೆಂಗಳೂರಿನಂತಹ ಮಹಾನಗರಗಳಲ್ಲಿ ಹುಟ್ಟಿಕೊಂಡಿರುವ ಒಂದು ಉದ್ಯೋಗವೆಂದರೆ ಪರರ ಮನೆಯ ನಾಯಿಗಳನ್ನು ಬೆಳಿಗ್ಗೆ, ಸಂಜೆ ಅಡ್ಡಾಡಿಸಿಕೊಂಡು ಬಂದು ಸಂಭಾವನೆ ಪಡೆಯುವುದು. ‘ಡಾಗ್ ವಾಕಿಂಗ್’ ಎಂಬ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ನಮ್ಮ ಊರುಗಳ ಹಿರಿಯರಿಗೆ ಈ ಮಾತನ್ನು ಹೇಳಿದರೆ ಅವರು ನಕ್ಕುಬಿಡುತ್ತಾರೆ. ನಾಯಿಯನ್ನು ತಿರುಗಾಡಿಸುವುದಕ್ಕೂ ಆಳು ಬೇಕೇ ಎಂಬುದು ಅವರ ಪ್ರಶ್ನೆ. ಹಿತ್ತಿಲು, ಹೊಲ, ಕಣಗಳ ನಡುವೆ ಬೆಳೆಯುವ ನಾಯಿಗೆ ಅದು ಬೇಕಿಲ್ಲ ನಿಜ. ಆದರೆ ಹನ್ನೆರಡನೆಯ ಅಂತಸ್ತಿನ ಮನೆಯೊಂದರಲ್ಲಿ, ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋದ ಮೇಲೆ ಬಾಗಿಲ ಹಿಂದೆ ದಿನವೆಲ್ಲ ಕುಳಿತಿರುವ ನಾಯಿಯ ಪಾಡು ಬೇರೆ. ಮುಧೋಳದ ಬೇಟೆನಾಯಿಯಂತಹ, ಓಡುವುದಕ್ಕೆಂದೇ ಹುಟ್ಟಿದ ತಳಿಯನ್ನೂ ಇಂದು ಎರಡು ಕೋಣೆಗಳ ಮನೆಗೆ ತಂದಿಡುವವರಿದ್ದಾರೆ. ಅಂತಹ ಪ್ರಾಣಿಗೆ ದಿನಕ್ಕೆರಡು ಬಾರಿಯ ನಡಿಗೆ ಅನ್ನದಷ್ಟೇ ಅವಶ್ಯಕ.

ಕಾನೂನು ಇದನ್ನು ಬಹು ಹಿಂದೆಯೇ ಗುರುತಿಸಿತ್ತೆಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೆಯ ಕಲಮಿನಲ್ಲಿ, ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇರಿಸಿದ ನಾಯಿಗೆ ಯುಕ್ತವಾದ ವ್ಯಾಯಾಮ ಕೊಡದಿರುವುದನ್ನೂ ಅಪರಾಧವೆಂದೇ ಎಣಿಸಲಾಗಿದೆ. ಮೊದಲ ತಪ್ಪಿಗೆ ಅಲ್ಲಿ ವಿಧಿಸಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದು ಒಂದು ಲೋಟ ಕಾಫಿಯ ಬೆಲೆಯೂ ಕೆಲವೆಡೆ ಅದಕ್ಕಿಂತ ಹೆಚ್ಚು! ದಂಡದ ಮಾತು ಹಾಗಿರಲಿ, ನಾಯಿಯ ನಡಿಗೆ ಯಜಮಾನನ ಕರ್ತವ್ಯವೆಂಬುದು ಮಾತ್ರ ಅರವತ್ತು ವರ್ಷಗಳಿಗೂ ಹಿಂದಿನಿಂದ ಈ ದೇಶದ ಶಾಸನ. ಆ ಕರ್ತವ್ಯವನ್ನು ಕೂಲಿ ಪಡೆದು ಹೊತ್ತುಕೊಳ್ಳುವವನೇ ನಾವು ಹೇಳುತ್ತಿರುವ ವೃತ್ತಿಯವನು.

ಇಲ್ಲಿ ಆತಕೂರಿನ ಶಾಸನದ ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ದೊರೆತ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಚೋಳರೊಡನೆ ಕಾದಿದ ಗಂಗರ ಬೂತುಗನು, ತನ್ನ ವೀರನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಮಣಲೇರನು ಬೇಡಿದ್ದು ‘ಕಾಳಿ’ ಎಂಬ ಹೆಸರಿನ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯೊಡನೆ ಸೆಣಸಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಇಷ್ಟನ್ನು ಶಾಲೆಯ ಪಾಠಗಳಲ್ಲಿ ಓದಿದವರುಂಟು. ಆದರೆ ಆ ಶಾಸನದಲ್ಲಿ ಇನ್ನೊಂದು ಮಾತಿದೆ. ಭೂಮಿಯ ಫಲವನ್ನು ಉಣ್ಣುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಅಲ್ಲಿ ಎಚ್ಚರಿಸಲಾಗಿದೆ. ನಾಯಿಯ ಹೆಸರಿನಲ್ಲಿ ಅನ್ನ ಉಣ್ಣುವವನು ಯಾರೂ ನೋಡದಿದ್ದಾಗಲೂ ತನ್ನ ಕೆಲಸವನ್ನು ಮಾಡಬೇಕೆಂಬ ಕಟ್ಟಳೆ ಸಾವಿರ ವರ್ಷಗಳ ಹಿಂದೆಯೇ ಕನ್ನಡದ ಕಲ್ಲಿನಲ್ಲಿ ಬರೆಯಲ್ಪಟ್ಟಿತ್ತು.

ಈ ಉದ್ಯೋಗದ ಮೊದಲ ಕಷ್ಟ ಇದೇ. ಮನೆಯವರು ನೋಡುವುದಿಲ್ಲ, ನಾಯಿ ಹೇಳುವುದಿಲ್ಲ. ಅರ್ಧ ಗಂಟೆ ನಡೆಸಬೇಕಾದವನು ಹತ್ತು ನಿಮಿಷ ನಡೆಸಿ, ಉಳಿದ ಹೊತ್ತು ಕಂಬಕ್ಕೆ ಕಟ್ಟಿ ಮೊಬೈಲು ನೋಡುತ್ತ ಕುಳಿತರೆ ಕೇಳುವವರಾರು? ಬೆದರಿಸಿ, ಹೊಡೆದು, ಕತ್ತು ಜಗ್ಗಿ ಎಳೆದೊಯ್ದರೆ ಹೇಳುವವರಾರು? 2025ರ ಕೊನೆಯಲ್ಲಿ ಬೆಂಗಳೂರಿನ ವಸತಿ ಸಮುಚ್ಚಯವೊಂದರ ಲಿಫ್ಟಿನಲ್ಲಿ, ನಾಯಿಮರಿಯನ್ನು ನೋಡಿಕೊಳ್ಳಲೆಂದು ನೇಮಿಸಿಕೊಂಡಿದ್ದ ಕೆಲಸದಾಕೆಯೇ ಅದನ್ನು ಅಪ್ಪಳಿಸಿ ಕೊಂದ ಪ್ರಕರಣ ಸಿಸಿಟಿವಿಯಿಂದ ಬಯಲಾಯಿತು. ಅಲ್ಲಿ ಕ್ಯಾಮೆರಾ ಇಲ್ಲದಿದ್ದರೆ ಅದು ಸಹಜ ಮರಣವೆಂದೇ ನಂಬಬೇಕಾಗುತ್ತಿತ್ತು. ಇಂತಹ ಒಂದು ಸುದ್ದಿ ಬಂದ ಮೇಲೆ ಪ್ರಾಮಾಣಿಕರಾದ ನೂರು ಮಂದಿಯ ಮೇಲೂ ಸಂಶಯದ ಕಣ್ಣು ಬೀಳುತ್ತದೆ. ಮೇಲಾಗಿ, ಮನೆಯ ಬೀಗದ ಕೈಯನ್ನೇ ಇವರ ಕೈಗೆ ಕೊಡಬೇಕಾಗುತ್ತದೆ. ಕೈಗಳಿಗೆ ಮನೆಯ ಸಂಖ್ಯೆ ಬರೆದ ಚೀಟಿ ಅಂಟಿಸದೆ, ತಮಗೆ ಮಾತ್ರ ತಿಳಿಯುವ ಗುರುತು ಹಾಕಿಟ್ಟುಕೊಳ್ಳುವುದು ಬಲ್ಲವರ ಪದ್ಧತಿ.

ಎರಡನೆಯ ಕಷ್ಟ ಲೆಕ್ಕದ್ದು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಬೆಳಿಗ್ಗೆ ಆರರಿಂದ ಒಂಬತ್ತೂವರೆಯ ತನಕ ನಡಿಗೆಗೆ ತಕ್ಕ ಸಮಯ. ಒಂದು ನಾಯಿಗೆ ಅರ್ಧ ಗಂಟೆ, ಮನೆಯಿಂದ ಮನೆಗೆ ಹೋಗಲು, ಲಿಫ್ಟಿಗೆ ಕಾಯಲು, ಕಾಲು ಒರೆಸಿ ನೀರಿಡಲು ಇಪ್ಪತ್ತು ನಿಮಿಷ. ಒಂದೊಂದನ್ನೇ ಕರೆದೊಯ್ಯುವವನಿಗೆ ನಾಲ್ಕು ನಾಯಿಗಳಿಗಿಂತ ಹೆಚ್ಚು ಆಗದು. ಸಂಜೆಯೂ ಅವೇ ನಾಲ್ಕು. ನಾಯಿಗೆ ತಿಂಗಳಿಗೆ ಐದು ಸಾವಿರವೆಂದು ಇಟ್ಟುಕೊಂಡರೂ ಕೈಗೆ ಬರುವುದು ಇಪ್ಪತ್ತು ಸಾವಿರ. ಅದರಲ್ಲೇ ಬಾಡಿಗೆ, ಪೆಟ್ರೋಲು, ಹಗ್ಗ, ಔಷಧದ ಖರ್ಚು. ಅವನ ಪಕ್ಕದ ಬೀದಿಯವನು ನಾಲ್ಕು ನಾಲ್ಕನ್ನು ಒಟ್ಟಿಗೆ ಹಿಡಿದು ಮೂರು ಸುತ್ತು ಹಾಕುತ್ತಾನೆ. ಮೂರೂವರೆ ಸಾವಿರಕ್ಕೇ ಒಪ್ಪಿಕೊಂಡರೂ ಹನ್ನೆರಡು ನಾಯಿಗಳಿಂದ ನಲವತ್ತೆರಡು ಸಾವಿರ ಗಳಿಸುತ್ತಾನೆ. ಕಡಿಮೆ ದರದವನ ಬಳಿಗೇ ಜನ ಹೋಗುತ್ತಾರೆ. ಎಚ್ಚರದಿಂದ ದುಡಿಯುವವನು ದುಬಾರಿಯವನೆನಿಸಿಕೊಂಡು ಸೋಲುತ್ತಾನೆ.

ಗುಂಪಾಗಿ ಕರೆದೊಯ್ಯುವುದರಲ್ಲಿ ಅಪಾಯವೇನೆಂದು ಕೇಳುವವರಿಗೆ ಒಂದು ಪ್ರಕರಣ ಸಾಕು. ಇಂಗ್ಲೆಂಡಿನ ಸರ್ರೆ ಪ್ರಾಂತದ ಕೇಟರ್‌ಹ್ಯಾಮ್ ಬಳಿ, 2023ರ ಜನವರಿಯಲ್ಲಿ, ಎಂಟು ನಾಯಿಗಳನ್ನು ಒಟ್ಟಿಗೆ ಅಡ್ಡಾಡಿಸುತ್ತಿದ್ದ ತರುಣಿಯೊಬ್ಬಳು ನಾಯಿಕಡಿತದಿಂದ ಪ್ರಾಣ ಬಿಟ್ಟಳು. ಒಂಟಿಯಾಗಿದ್ದಾಗ ಸಾಧುವಾಗಿರುವ ನಾಯಿ ಗುಂಪಿನಲ್ಲಿ ಬೇರೆಯೇ ಪ್ರಾಣಿ. ಒಂದು ಬೆದರಿದರೆ ಎಲ್ಲವೂ ಕೆರಳುತ್ತವೆ, ಹಗ್ಗಗಳು ಹೆಣೆದುಕೊಳ್ಳುತ್ತವೆ, ಹಿಡಿದವನಿಗೆ ಇರುವುದು ಎರಡೇ ಕೈ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2013ರಿಂದ, ನಾಲ್ಕು ಅಥವಾ ಹೆಚ್ಚು ನಾಯಿಗಳನ್ನು ಒಟ್ಟಿಗೆ ಅಡ್ಡಾಡಿಸುವ ವೃತ್ತಿಯವರು ಪರವಾನಗಿ ಪಡೆಯಬೇಕು, ಎಂಟನ್ನು ಮೀರುವಂತಿಲ್ಲ. ಲಂಡನ್ನಿನ ರಾಯಲ್ ಪಾರ್ಕುಗಳಲ್ಲಿ ಈ ವೃತ್ತಿಯವರಿಗೆ ಪರವಾನಗಿ ಬೇಕು, ಒಬ್ಬರಿಗೆ ನಾಲ್ಕೇ ನಾಯಿ. ನಮ್ಮಲ್ಲಿ ನಾಯಿಗಳ ತಳಿ ಬೆಳೆಸಿ ಮಾರುವವರಿಗೆ 2017ರಲ್ಲಿಯೂ, ಸಾಕುಪ್ರಾಣಿಗಳ ಅಂಗಡಿಗಳಿಗೆ 2018ರಲ್ಲಿಯೂ ಕೇಂದ್ರ ಸರಕಾರದ ನಿಯಮಗಳು ಬಂದವು. ಅಡ್ಡಾಡಿಸುವವರ ಮಾತು ಅವುಗಳಲ್ಲಿಲ್ಲ. ಆದ್ದರಿಂದ ನಾಯಿಗಳ ಸಂಖ್ಯೆಗೆ ಮಿತಿಯನ್ನು ಅವರವರೇ ಹಾಕಿಕೊಳ್ಳಬೇಕು. ನಮ್ಮ ಬೀದಿಗಳಿಗೆ, ನಮ್ಮ ವಾಹನಗಳಿಗೆ, ಒಂದೇ ಮನೆಯ ಜೋಡಿಯನ್ನು ಬಿಟ್ಟರೆ ಒಂದು ಸಲಕ್ಕೆ ಒಂದೇ ನಾಯಿ ಎಂಬುದು ಯೋಗ್ಯವೆಂದು ಈ ಲೇಖಕನ ಅಭಿಮತ.

ಏಕೆಂದರೆ ನಮ್ಮ ಬೀದಿ ಲಂಡನ್ನಿನ ಉದ್ಯಾನವಲ್ಲ. ಪ್ರತಿ ತಿರುವಿನಲ್ಲೂ ಬೀದಿನಾಯಿಗಳ ಗಡಿ ಬದಲಾಗುತ್ತದೆ. ಹೊಸ ನಾಯಿ ಕಂಡೊಡನೆ ಅವು ಸುತ್ತುವರಿಯುತ್ತವೆ. ಅನುಭವಿಗಳು ಓಡುವುದಿಲ್ಲ, ಕಲ್ಲೆತ್ತುವುದಿಲ್ಲ. ತಮ್ಮ ನಾಯಿಯನ್ನು ಮೈಗೆ ಹತ್ತಿರ ಎಳೆದುಕೊಂಡು, ಮೆಲ್ಲನೆ ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಯಾವ ಓಣಿಯಲ್ಲಿ ಮರಿಹಾಕಿದ ಹೆಣ್ಣುನಾಯಿ ಇದೆಯೆಂಬುದು ಅವರಿಗೆ ಗೊತ್ತಿರುತ್ತದೆ. ರೇಬೀಸ್ ಎಂಬ ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ಸಾಯುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿದರೆ, ಪರಚಿದರೂ ಸಹ, ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರು ಹಾಗೂ ಸಾಬೂನಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಅರಿಶಿನ, ಸುಣ್ಣ, ಖಾರದಪುಡಿ ಒತ್ತುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ, ಅದನ್ನು ಬಿಡಬೇಕು. ಈ ವೃತ್ತಿಯವರು ಕಚ್ಚಿಸಿಕೊಳ್ಳುವ ಮುನ್ನವೇ ಲಸಿಕೆ ಹಾಕಿಸಿಕೊಳ್ಳುವುದು ವಿಹಿತ. ಹಾಗೆಯೇ, ಲಸಿಕೆಯ ಪುಸ್ತಕ ತೋರಿಸದ ಮನೆಯ ನಾಯಿಯನ್ನು ಒಪ್ಪಿಕೊಳ್ಳಬಾರದು.

ಬಿಸಿಲಿನ ಮಾತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದರಿಂದಲೇ ಅದು ಒಡಲನ್ನು ತಂಪು ಮಾಡಿಕೊಳ್ಳಬೇಕು. ಮೊಂಡುಮೂಗಿನ ಪಗ್, ಬುಲ್‌ಡಾಗ್‌ಗಳಿಗೆ ಅದೂ ಕಷ್ಟ. ಹಿಮದ ನಾಡಿನ ಹಸ್ಕಿಗೆ ಕಲಬುರ್ಗಿಯ ಏಪ್ರಿಲ್ ಎಂದರೆ ಶಿಕ್ಷೆಯೇ. ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಏಳೆಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದವೂ ಅಲ್ಲಿ ಸುಡುತ್ತದೆ. ಕಚೇರಿಯಿಂದ ಫೋನು ಮಾಡಿ, ಇಂದು ಮಧ್ಯಾಹ್ನ ಎರಡಕ್ಕೇ ಕರೆದೊಯ್ಯಿರಿ ಎಂದು ಮನೆಯೊಡತಿ ಹೇಳಿದಾಗ, ಆಗದು ತಾಯಿ ಎನ್ನುವ ಧೈರ್ಯ ಕೂಲಿಯವನಿಗೆ ಬೇಕು. ಹಾಗೆಂದು ಕೆಲಸ ಕಳೆದುಕೊಂಡವರುಂಟು. ಊಟವಾದೊಡನೆ ಓಡಿಸಿದರೆ ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಜಠರ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವಾಗುವ ಸಂಭವವಿದೆ. ಮಳೆಗಾಲದಲ್ಲಿ ನಿಂತ ನೀರು, ವಿದ್ಯುತ್ ಕಂಬ, ಜೋತುಬಿದ್ದ ತಂತಿಗಳ ಭಯ. ದೀಪಾವಳಿಯ ವಾರದಲ್ಲಂತೂ ಪಟಾಕಿಯ ಒಂದೇ ಸದ್ದಿಗೆ ಕೊರಳಪಟ್ಟಿಯಿಂದ ತಲೆ ನುಸುಳಿಸಿಕೊಂಡು ಓಡುವ ನಾಯಿಗಳು ಎಷ್ಟೋ. ಕೊರಳಿಗೆ ಬದಲು ಎದೆಯನ್ನು ಬಳಸುವ ಹಾರ್ನೆಸ್ ಹಾಕಿ, ಅದರ ಜೊತೆಗೆ ಕೊರಳಪಟ್ಟಿಗೂ ಇನ್ನೊಂದು ಹಗ್ಗ ಸೇರಿಸುವುದು ಅದಕ್ಕಾಗಿಯೇ.

ನಾಯಿ ದಾರಿಹೋಕರನ್ನು ಕಚ್ಚಿದರೆ ಹೊಣೆ ಯಾರದು? ಪ್ರಾಣಿಯ ವಿಷಯದಲ್ಲಿ ಅಜಾಗರೂಕತೆ ತೋರಿದವರಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರದವರೆಗಿನ ದಂಡ ಅಥವಾ ಎರಡನ್ನೂ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ವಿಧಿಸುತ್ತದೆ. ಪ್ರಾಣಿ ಯಾರ ವಶದಲ್ಲಿದೆಯೋ ಅವರೂ ಅದರ ವ್ಯಾಪ್ತಿಗೆ ಬರುತ್ತಾರೆ, ಎಂದರೆ ಹಗ್ಗ ಹಿಡಿದವನೂ. ಆದಕಾರಣ ನಾಯಿಗೆ ಕಚ್ಚುವ ಚಟವಿದ್ದರೆ ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಒಪ್ಪಿಸುವ ಯಜಮಾನರು ದೊಡ್ಡ ಅನ್ಯಾಯ ಮಾಡುತ್ತಾರೆ. ಸಿಟ್ಟಿನ ನಾಯಿಗೆ ಬಾಯಿಕುಕ್ಕೆ ಹಾಕುವುದರಲ್ಲಿ ಅವಮಾನವೇನಿಲ್ಲ. ಎತ್ತಿಗೂ ಹಾಕುತ್ತೇವಲ್ಲವೇ?

ಕೆಲಸ ಬೆಳೆದಂತೆ ಹುಡುಗರನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಬಹುಮಂದಿ ಎಡವುತ್ತಾರೆ. ಮನೆಯವರಿಂದ ಐದು ಸಾವಿರ ಪಡೆದು ಹುಡುಗನಿಗೆ ಎರಡು ಸಾವಿರ ಕೊಟ್ಟರೆ, ಅವನು ಕದ್ದುಮುಚ್ಚಿ ಇನ್ನೆರಡು ನಾಯಿಗಳನ್ನು ಜೊತೆಗೆ ಹಿಡಿದು ಹೊರಡುತ್ತಾನೆ. ಹೊಸಬನನ್ನು ಕೆಲವು ವಾರಗಳಾದರೂ ಅನುಭವಿಯ ಜೊತೆಯಲ್ಲಿ ನಡೆಸದೆ ಒಬ್ಬನನ್ನೇ ಕಳುಹಿಸಕೂಡದು. ನಾಯಿ ಕಾಲು ಉಳುಕಿಸಿಕೊಂಡಿತೋ, ಬೀದಿಯ ಕೋಳಿಮೂಳೆ ನುಂಗಿತೋ, ಉಣ್ಣೆ ಹತ್ತಿತೋ, ಆ ಸಂಗತಿ ಅಂದೇ ಮನೆಯವರಿಗೆ ತಿಳಿಯಬೇಕು. ಮುಚ್ಚಿಟ್ಟರೆ ಪಶುವೈದ್ಯರಿಗೂ ರೋಗದ ಜಾಡು ಸಿಗದು.

ನಮ್ಮ ಮನೆಗಳಲ್ಲಿ ಇಂತಹವರನ್ನು ನೇಮಿಸಿಕೊಳ್ಳುವವರಿದ್ದರೆ, ಮೊದಲ ವಾರ ಜೊತೆಯಲ್ಲಿ ನಡೆಯಿರಿ. ಹಗ್ಗ ಹಿಡಿದವನನ್ನು ಕಂಡು ನಾಯಿ ಬಾಲ ಅಲ್ಲಾಡಿಸುತ್ತದೆಯೋ, ಮಂಚದ ಕೆಳಗೆ ಸೇರುತ್ತದೆಯೋ ಗಮನಿಸಿ. ಪಶುವೈದ್ಯರ ಫೋನ್ ಸಂಖ್ಯೆಯನ್ನೂ, ತುರ್ತು ಚಿಕಿತ್ಸೆಗೆ ನಿಮ್ಮ ಒಪ್ಪಿಗೆಯನ್ನೂ ಬರೆದುಕೊಡಿ. ಮಲವನ್ನು ಎತ್ತಲು ಚೀಲ ಕೊಡಿ, ನೆರೆಯವರ ಜಗಳದ ಮೂಲ ಬಹುಪಾಲು ಅದೇ. ಮಳೆಯ ದಿನ ನಡಿಗೆ ತಪ್ಪಿದ್ದಕ್ಕೆ ಸಂಬಳ ಹಿಡಿಯಬೇಡಿ. ನಾಯಿಗೆ ವಯಸ್ಸಾಗಿ ಗೇಟಿನವರೆಗೆ ಮಾತ್ರ ಹೋಗಿ ಬರುವ ಕಾಲದಲ್ಲಿಯೂ, ಅದರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಿಲ್ಲುವವನಿಗೆ ಅರ್ಧ ಗಂಟೆಯ ಕೂಲಿಯನ್ನೇ ಕೊಡಿ.