ಕೊಳೆರೋಗ ತೋಟಕ್ಕೆ, ಬೈಗುಳ ತನಗೆ

ಕಾಸರಗೋಡು: ಆಟಿ ತಿಂಗಳಲ್ಲಿ ಮಳೆ ಬಿಡುವು ಕೊಡದಿದ್ದರೆ ಅಡಿಕೆಯ ಎಳೆಗಾಯಿಗಳು ಉದುರತೊಡಗುತ್ತವೆ. ಕನ್ನಡದಲ್ಲಿ ಕೊಳೆರೋಗ, ಮಲೆಯಾಳದಲ್ಲಿ ಮಹಾಳಿ. ಬುಡದಲ್ಲಿ ಬಿದ್ದ ಕಾಯಿ ಹೆಕ್ಕುತ್ತಾ ಕೃಷಿಕ ಬೈಯುವುದು ಮಳೆಯನ್ನಲ್ಲ, ತನ್ನನ್ನೇ. "ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ, ನನ್ನಿಂದಲೇ ತೋಟ ಹಾಳಾಯಿತು." ಮಂಜೇಶ್ವರ, ಪೈವಳಿಕೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ.

ಆದರೆ ಲೆಕ್ಕ ನೋಡಬೇಕು. ಈ ರೋಗ ತರುವುದು ಫೈಟೋಫ್ತೋರ ಎಂಬ ಸೂಕ್ಷ್ಮಜೀವಿ. ಸತತ ಮಳೆ, ತಂಪು ಹವೆ ಅದಕ್ಕೆ ಹಬ್ಬ. ಮಳೆಗಾಲಕ್ಕೆ ಮೊದಲೊಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಾಯಿಗೆ ಅಂಟಿದ ದ್ರಾವಣ ಒಣಗಲು ಮಳೆ ಬಿಡಬೇಕು. ಮಳೆ ಬಿಟ್ಟ ದಿನವೇ ಮರ ಹತ್ತುವವರು ಸಿಗಬೇಕು. ಇದು ಎಷ್ಟು ಕಷ್ಟವೆಂದು ತೋಟವಿದ್ದವರಿಗೆ ಹೇಳಬೇಕಾಗಿಲ್ಲ.

ಮೈಲುತುತ್ತು ತರಲು ತಡಮಾಡಿದ್ದರೆ ಅದು ಕೃಷಿಕನ ತಪ್ಪು, ಒಪ್ಪಿಕೊಳ್ಳಲಿ. ಹದಿನೈದು ದಿನ ಮಳೆ ಬಿಡದಿದ್ದರೆ ಅದು ಅವನ ತಪ್ಪಲ್ಲ. ಮೇಲಾಗಿ ತಪ್ಪು ಒಂದು ಕೆಲಸದ್ದು. "ನಾನೇ ಪ್ರಯೋಜನವಿಲ್ಲದವನು" ಎಂಬುದು ಇಡೀ ಮನುಷ್ಯನ ಮೇಲಿನ ತೀರ್ಪು. ತನ್ನನ್ನು ಹಳಿದುಕೊಳ್ಳುವವನು ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾನೆ.

ಬೈದುಕೊಂಡರೆ ಮನುಷ್ಯ ಚುರುಕಾಗುತ್ತಾನೆ ಎಂಬ ನಂಬಿಕೆ ಗಟ್ಟಿಯಾಗಿದೆ. ಮೇಷ್ಟ್ರುಗಳು ಬೈದೇ ಕಲಿಸಿದರಲ್ಲವೇ! ಅಮೆರಿಕದ ಬರ್ಕ್ಲಿಯ ಸಂಶೋಧಕಿಯರಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಕಠಿಣ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ, ತಮ್ಮ ಬಗ್ಗೆ ಮೃದುವಾಗಿ ಯೋಚಿಸಲು ಹೇಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ತೋಟದಲ್ಲೂ ಹಾಗೆಯೇ. ತನ್ನನ್ನೇ ಬೈದುಕೊಂಡು ಕುಳಿತವನು ನಾಲ್ಕು ದಿನ ಆ ಕಡೆ ತಲೆಹಾಕುವುದಿಲ್ಲ. ಉದುರಿದ ಕಾಯಿ ಹೆಕ್ಕದೆ ಉಳಿಯುತ್ತದೆ, ರೋಗ ಇನ್ನಷ್ಟು ಹಬ್ಬುತ್ತದೆ.

ಹಳೆಯ ಅಭ್ಯಾಸ ಒಂದೇ ದಿನದಲ್ಲಿ ಹೋಗುವುದಿಲ್ಲ. ಇದೇ ನಷ್ಟ ನೆರೆಮನೆಯವನಿಗೆ ಆಗಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿಕೊಳ್ಳುವುದು ಒಂದು ದಾರಿ. ಅವನಿಗೆ ಯಾರೂ "ನೀನು ದಂಡಪಿಂಡ" ಎನ್ನುವುದಿಲ್ಲ, "ಮಳೆ ಬಿಡಲಿಲ್ಲ ಮಾರಾಯಾ" ಎನ್ನುತ್ತಾರೆ. ಮಳೆ ಬಿಟ್ಟ ದಿನ, ಮದ್ದು ಬಿಟ್ಟ ದಿನ, ಆಳು ಸಿಗದ ದಿನಗಳನ್ನು ಡೈರಿಯಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಬೈಗುಳ ಬಾಯಿಗೆ ಬಂದಾಗ ಪುಟ ತೆರೆದು ನೋಡಬಹುದು, ಮುಂದಿನ ವರ್ಷದ ಮದ್ದಿಗೂ ಆ ಲೆಕ್ಕ ಬೇಕಾಗುತ್ತದೆ.

ಬೈಗುಳ ವಾರಗಟ್ಟಲೆ ನಿಲ್ಲದೆ ನಿದ್ದೆ, ಊಟ ಬಿಟ್ಟುಹೋದರೆ ಅಥವಾ ಬದುಕೇ ಬೇಡ ಎನಿಸಿದರೆ ಡೈರಿ ಸಾಲದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮಲೆಯಾಳ ಎರಡೂ ಅಲ್ಲಿವೆ.